ಬಾವಿಯ ಬಳಿಯ ಹಳೆಯ ಪಂಪು ಮತ್ತು ಲಕ್ಷ್ಮಣರಾವ್ ಕಿರ್ಲೋಸ್ಕರ್

ಮಕ್ಕಳೇ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಹಳೆಯ ತೆರೆದ ಬಾವಿಗಳನ್ನು ನೀವು ನೋಡಿರಬಹುದು. ಅಲ್ಲಿ ತುಕ್ಕು ಹಿಡಿದ ಯಂತ್ರವೇನಾದರೂ ಬಿದ್ದಿದೆಯೇ? ಅದು ಬಸವನಹುಳುವಿನ ಚಿಪ್ಪಿನಂತೆ ದುಂಡಗಿದ್ದು, ನಡುವೆ ಒಂದು ಬಾಯಿ, ಅಂಚಿನಲ್ಲಿ ಇನ್ನೊಂದು ಬಾಯಿ ಇದ್ದರೆ ಅದು ಸೆಂಟ್ರಿಫ್ಯೂಗಲ್ ಪಂಪು. ಇಂಥ ಪಂಪುಗಳನ್ನು ನಮ್ಮ ದೇಶದಲ್ಲೇ ತಯಾರಿಸಲು ಶ್ರಮಿಸಿದವರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಪ್ರಮುಖರು.

ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಆದರೆ ಅವರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇದಕ್ಕೆ ಬಣ್ಣಗುರುಡು ಎನ್ನುತ್ತಾರೆ. ಅವರು ಎದೆಗುಂದದೆ, ಬಣ್ಣ ಬೇಕಿಲ್ಲದ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು.

ಅಣ್ಣನೊಂದಿಗೆ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದರು. ನಂತರ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಗುಲಿದರೆ ನೆಲ ವಿಷವಾಗುತ್ತದೆಂದು ರೈತರು ಹೆದರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಬೇಕಾಯಿತು! 1910ರಲ್ಲಿ ಔಂಧ್ ಸಂಸ್ಥಾನದ ಅರಸರು ಕೊಟ್ಟ ಪಾಳುಭೂಮಿಯಲ್ಲಿ ಕಾರ್ಖಾನೆ ಕಟ್ಟಿದರು. ಮಹಾರಾಷ್ಟ್ರದಲ್ಲಿರುವ ಆ ಊರೇ ಕಿರ್ಲೋಸ್ಕರವಾಡಿ.

ಆಗ ರೈತರು ಎತ್ತುಗಳಿಂದ ಕಪಿಲೆ ಎಳೆಸಿ ಬಾವಿಯ ನೀರೆತ್ತುತ್ತಿದ್ದರು. 1926ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಅದರೊಳಗಿನ ಚಕ್ರ ರಭಸವಾಗಿ ತಿರುಗಿ ನೀರನ್ನು ಅಂಚಿಗೆ ಎಸೆಯುತ್ತದೆ. ನಡುವೆ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ಬಾವಿಯ ನೀರನ್ನು ಕೊಳವೆಯೊಳಗೆ ಮೇಲಕ್ಕೆ ತಳ್ಳುತ್ತದೆ.

ಆದರೆ ಗಾಳಿಯ ಒತ್ತಡ ನೀರನ್ನು ಸುಮಾರು 10 ಮೀಟರಿಗಿಂತ ಹೆಚ್ಚು ಏರಿಸಲಾರದು. ಬಳಕೆಯಲ್ಲಿ ಏಳೆಂಟು ಮೀಟರು ಸಿಕ್ಕರೆ ಹೆಚ್ಚು. ಆದ್ದರಿಂದಲೇ ಆಳದ ಬಾವಿಗಳಲ್ಲಿ ಪಂಪನ್ನು ಮೇಲೆ ಇಡದೆ, ಬಾವಿಯೊಳಗೆ ಕಟ್ಟೆ ಮಾಡಿ ನೀರಿನ ಹತ್ತಿರ ಕೂರಿಸುತ್ತಿದ್ದರು. ಬಾವಿಯ ಒಳಗೋಡೆಯಲ್ಲಿ ಅಂಥ ಕಟ್ಟೆ ಕಂಡರೆ, ಪಂಪು ಇಲ್ಲದಿದ್ದರೂ ಒಂದು ಕಾಲಕ್ಕೆ ಅಲ್ಲಿ ಪಂಪು ಇದ್ದಿರಬಹುದು ಎಂದು ನೀವು ಊಹಿಸಬಹುದು. ಈಗಿನ ಕೊಳವೆಬಾವಿಯ ಪಂಪು ನೀರಿನಲ್ಲೇ ಮುಳುಗಿದ್ದು ಕೆಳಗಿನಿಂದ ತಳ್ಳುತ್ತದೆ. ಅದಕ್ಕೆ ಈ ಮಿತಿ ಇಲ್ಲ.

ಪಂಪಿನ ಜೊತೆ ದಪ್ಪ ಗಾಲಿಯ ಯಂತ್ರವಿದ್ದರೆ ಅದು ಡೀಸೆಲ್ ಎಂಜಿನ್ ಆಗಿರಬಹುದು. ಕರೆಂಟು ಇಲ್ಲದ ಹೊಲಗಳಲ್ಲಿ ಅದೇ ಪಂಪನ್ನು ತಿರುಗಿಸುತ್ತಿತ್ತು. ಲಕ್ಷ್ಮಣರಾಯರ ಮಗ ಶಂತನುರಾಯರು 1946ರಲ್ಲಿ ಪುಣೆಯಲ್ಲಿ ಇಂಥ ಎಂಜಿನ್‌ಗಳ ಕಂಪನಿ ಆರಂಭಿಸಿದರು. ಲಕ್ಷ್ಮಣರಾಯರು 1956ರಲ್ಲಿ ನಿಧನರಾದರು. ಅವರ ಮನೆತನದ ಹೆಸರಿನ ಕಬ್ಬಿಣದ ಕಾರ್ಖಾನೆಯೊಂದು ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯಲ್ಲಿದೆ.

ಹಳೆಯ ಪಂಪು ಕಂಡರೆ ಅದರ ಮೈಮೇಲೆ ಉಬ್ಬಿದ ಅಕ್ಷರಗಳನ್ನು ಓದಿ. ಯಾವ ಕಂಪನಿ, ಯಾವ ಊರು ಎಂದು ಬರೆದುಕೊಳ್ಳಿ. ಅದನ್ನು ಯಾವಾಗ ತಂದರು, ಅದಕ್ಕೂ ಮೊದಲು ನೀರು ಹೇಗೆ ಎತ್ತುತ್ತಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ. ಒಂದು ಎಚ್ಚರಿಕೆ: ದೊಡ್ಡವರಿಲ್ಲದೆ ಬಾವಿಯ ಹತ್ತಿರ ಹೋಗಬೇಡಿ, ಒಳಗೆ ಇಳಿಯಲೇಬೇಡಿ.