ಟಾಫೆಲ್ ಪ್ಲಾಟ್ ಹಿಂದಿನ ಟಾಫೆಲ್

ಕೊರೋಷನ್ ಲ್ಯಾಬಿನಲ್ಲಿ ಪೊಟೆನ್ಶಿಯೋಸ್ಟಾಟ್ ಸಾಫ್ಟ್‌ವೇರ್ ಓಪನ್ ಮಾಡಿದರೆ ಮೆನುವಿನಲ್ಲಿ ಸಾಮಾನ್ಯವಾಗಿ ಒಂದು ಹೆಸರು ಕಾಣುತ್ತೆ: ಟಾಫೆಲ್. ಸ್ಟೀಲ್ ತುಂಡನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ವೋಲ್ಟೇಜನ್ನು ನಿಧಾನವಾಗಿ ಸ್ಕ್ಯಾನ್ ಮಾಡಿ, ಫಿಟ್ ಒತ್ತಿದರೆ ತುಕ್ಕು ಹಿಡಿಯುವ ವೇಗ ಸ್ಕ್ರೀನ್ ಮೇಲೆ ಬರುತ್ತೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಯೂಲಿಯಸ್ ಟಾಫೆಲ್ ಹುಟ್ಟಿದ್ದು 1862ರ ಜೂನ್ 2ರಂದು, ಸ್ವಿಟ್ಜರ್ಲೆಂಡಿನಲ್ಲಿ. ತಂದೆ ಉಕ್ಕಿನ ಕಾರ್ಖಾನೆಯೊಂದರಲ್ಲಿ ಡೈರೆಕ್ಟರ್. ಮಗ ಓದಿದ್ದು ಕೆಮಿಸ್ಟ್ರಿ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಎಮಿಲ್ ಫಿಶರ್ ಅವರ ಕೈಕೆಳಗೆ ಡಾಕ್ಟರೇಟ್ ಮಾಡಿದರು. ಮುಂದೆ 1902ರಲ್ಲಿ ನೊಬೆಲ್ ಪಡೆದ ಫಿಶರ್ ಇವರೇ. ಗುರು ವ್ಯೂರ್ಟ್ಸ್‌ಬುರ್ಗ್‌ಗೆ ಹೋದಾಗ ಟಾಫೆಲ್ ಕೂಡ ಜೊತೆಗೆ ಹೋದರು. ಫಿಶರ್ 1892ರಲ್ಲಿ ಬರ್ಲಿನ್ ಸೇರಿದರೂ ಇವರು ವ್ಯೂರ್ಟ್ಸ್‌ಬುರ್ಗ್‌ನಲ್ಲೇ ಉಳಿದರು.

ಮೂಲತಃ ಇವರು ಆರ್ಗ್ಯಾನಿಕ್ ಕೆಮಿಸ್ಟ್. ಎಲೆಕ್ಟ್ರೋಕೆಮಿಸ್ಟ್ರಿಗೆ ಬಂದದ್ದು ಒಂದು ತೊಂದರೆಯಿಂದ. ಸ್ಟ್ರಿಕ್ನಿನ್‌ನಂಥ, ಸುಲಭಕ್ಕೆ ಬಗ್ಗದ ವಸ್ತುಗಳನ್ನು ಕರೆಂಟ್ ಹರಿಸಿ ರಿಡ್ಯೂಸ್ ಮಾಡಬೇಕಿತ್ತು. ಆದರೆ ಕ್ಯಾಥೋಡಿನಲ್ಲಿ ಹೈಡ್ರೋಜನ್ ಗುಳ್ಳೆಗಳೇ ಎದ್ದುಬಿಟ್ಟರೆ ಕರೆಂಟೆಲ್ಲ ವೇಸ್ಟ್. ಹೈಡ್ರೋಜನ್ ಸುಲಭವಾಗಿ ಹೊರಬಾರದ ಸೀಸದ ಕ್ಯಾಥೋಡಿನಲ್ಲಿ ಕೆಲಸ ಚೆನ್ನಾಗಿ ಆಗುತ್ತಿತ್ತು. ಅದೂ ಸೀಸ ತುಂಬಾ ಶುದ್ಧವಾಗಿದ್ದರೆ ಮಾತ್ರ.

ಹಾಗಾದರೆ ಯಾವ ಲೋಹಕ್ಕೆ ಎಷ್ಟು ಹೆಚ್ಚುವರಿ ವೋಲ್ಟೇಜ್ ಬೇಕು? ಟಾಫೆಲ್ ಅಳೆಯೋಕೆ ಕೂತರು. ಆಗ ಕಂಪ್ಯೂಟರ್ ಎಲ್ಲಿತ್ತು? ಪ್ರತಿ ರೀಡಿಂಗನ್ನೂ ಕೈಯಲ್ಲೇ ತೆಗೆದು ಬರೆಯಬೇಕಿತ್ತು. ಕರೆಂಟಿನ ಲಾಗ್ ತೆಗೆದು ನೋಡಿದರೆ ಅದಕ್ಕೂ ಹೆಚ್ಚುವರಿ ವೋಲ್ಟೇಜಿಗೂ ಮಧ್ಯೆ ಸರಳರೇಖೆ! 1905ರಲ್ಲಿ ಇದನ್ನು ಪ್ರಕಟಿಸಿದರು. ಅದೇ ನಾವು ಓದುವ ಟಾಫೆಲ್ ಸಮೀಕರಣ.

ಆದರೆ ಆರೋಗ್ಯ ಕೈಕೊಟ್ಟಿತು. ನಿದ್ದೆ ಬರದ ಕಾಯಿಲೆ. ನಿದ್ದೆಗೆಡೋದು ಹಾಸ್ಟೆಲ್‌ನಲ್ಲಿ ನಮಗೆ ಜೋಕ್. ಅವರಿಗೆ ಅದು ಜೋಕ್ ಆಗಿರಲಿಲ್ಲ. 1910ರಲ್ಲಿ, ಇನ್ನೂ 50 ಕೂಡ ತುಂಬದಿರುವಾಗಲೇ ನಿವೃತ್ತರಾದರು. ಲ್ಯಾಬ್ ಬಿಟ್ಟರೂ ಮ್ಯೂನಿಕ್‌ನಲ್ಲಿ ಕೂತು ವಿಜ್ಞಾನದ ಪುಸ್ತಕಗಳಿಗೆ ವಿಮರ್ಶೆ ಬರೆಯುತ್ತಿದ್ದರು. ಕೊನೆಗೆ 1918ರಲ್ಲಿ, 56ನೇ ವಯಸ್ಸಿನಲ್ಲಿ, ತಮ್ಮ ಜೀವ ತಾವೇ ತೆಗೆದುಕೊಂಡರು.

ತಮ್ಮ ರೇಖೆ ಮುಂದೆ ತುಕ್ಕು ಅಳೆಯೋಕೆ ಬಳಕೆಯಾಗುವುದನ್ನು ಅವರು ನೋಡಲೇ ಇಲ್ಲ. ತುಕ್ಕು ಹಿಡಿಯುವಾಗ ಲೋಹ ಕರಗುವ ಕ್ರಿಯೆ, ಹೈಡ್ರೋಜನ್ ಬಿಡುವ ಕ್ರಿಯೆ ಎರಡೂ ಒಂದೇ ಮೇಲ್ಮೈ ಮೇಲೆ, ಒಂದೇ ಪೊಟೆನ್ಶಿಯಲ್‌ನಲ್ಲಿ ಸಮವಾಗಿ ನಡೆಯುತ್ತವೆ ಅಂತ ವಾಗ್ನರ್ ಮತ್ತು ಟ್ರೌಡ್ 1938ರಲ್ಲಿ ತೋರಿಸಿದರು. ಆಮೇಲೆ ದಾರಿ ಸಿಕ್ಕಿತು: ಎರಡೂ ಕಡೆಯ ಸರಳರೇಖೆಗಳನ್ನು ಹಿಂದಕ್ಕೆ ಎಳೆದರೆ ಅವು ಸೇರುವ ಜಾಗದಲ್ಲಿ ತುಕ್ಕಿನ ಕರೆಂಟ್ ಸಿಗುತ್ತೆ.

ಇವತ್ತು ಆ ರೇಖೆ ಎಳೆಯೋದು ಸಾಫ್ಟ್‌ವೇರ್. ಕರ್ಸರ್ ಎಲ್ಲಿಟ್ಟರೂ ಅದು ಒಂದು ರೇಖೆ ಎಳೆದು, ಒಂದು ನಂಬರ್ ಕೊಟ್ಟುಬಿಡುತ್ತೆ. ಕರ್ವ್ ಅಲ್ಲಿ ನಿಜವಾಗಿ ನೇರವಾಗಿದೆಯಾ, ಕರೆಂಟ್ ಕನಿಷ್ಠ ಹತ್ತು ಪಟ್ಟು ಬದಲಾಗುವಷ್ಟು ದೂರ ನೇರವಾಗಿದೆಯಾ ಅಂತ ನೋಡಬೇಕಾದವರು ನಾವೇ. ಟಾಫೆಲ್ ಮೊದಲು ಅಳೆದರು, ರೇಖೆ ಆಮೇಲೆ ಕಂಡಿತು. ಫಿಟ್ ಒತ್ತುವ ಮುಂಚೆ ನಾವೂ ಒಮ್ಮೆ ಡೇಟಾವನ್ನು ಹಾಗೇ ನೋಡೋಣ.