ಬೇಡನ್ ಪೊವೆಲ್ ಸಾಹೇಬರ ಚರಿತ್ರೆಯೂ ನಮ್ಮ ಬಾಲಚರರೂ

ವಿದ್ಯಾರ್ಥಿಗಳಲ್ಲಿ ಶೀಲವನ್ನು ಬೆಳೆಸಬೇಕೆಂಬ ಮಾತನ್ನು ನಮ್ಮಲ್ಲಿ ಒಪ್ಪದವರಿಲ್ಲ. ಬೆಳೆಸುವ ಬಗೆ ಯಾವುದೆಂದು ಕೇಳಿದರೆ ಮಾತ್ರ ಉತ್ತರಗಳು ಬೇರೆಬೇರೆಯಾಗುತ್ತವೆ. ನೀತಿಪಾಠದಿಂದಲೆಂದು ಕೆಲವರೂ, ದಂಡನೆಯಿಂದಲೆಂದು ಕೆಲವರೂ, ಖಾಕಿಯ ಉಡುಪು ತೊಡಿಸಿ ಕವಾಯತು ಮಾಡಿಸುವುದರಿಂದಲೆಂದು ಮತ್ತೆ ಕೆಲವರೂ ಹೇಳುತ್ತಾರೆ. ಈ ಮೂರನೆಯ ಪಕ್ಷದವರು ತಮ್ಮ ಮೂಲಪುರುಷರೆಂದು ಭಾವಿಸಿರುವ ರಾಬರ್ಟ್ ಬೇಡನ್ ಪೊವೆಲ್ಲರ ಜೀವನವನ್ನು ವಿಚಾರಿಸಿ ನೋಡಿದರೆ, ಅವರಿಗೆ ಬರಿಯ ಕವಾಯತಿನಲ್ಲಿ ನಂಬಿಕೆ ಇರಲಿಲ್ಲವೆಂಬುದು ತಿಳಿಯುತ್ತದೆ. ನಮ್ಮ ದೇಶದ ಬಾಲಕರ ವಿಷಯದಲ್ಲಿ ಅವರು ತಮ್ಮ ತತ್ತ್ವಕ್ಕೆ ತಾವೇ ತಪ್ಪಿದ ಸಂದರ್ಭವೂ ಕಂಡುಬರುತ್ತದೆ. ಇವೆರಡೂ ನಾವು ಅರಿತಿರತಕ್ಕ ಸಂಗತಿಗಳು.

ಇವರು 1857ನೆಯ ಇಸವಿ ಫೆಬ್ರವರಿ 22ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಪಾದ್ರಿಗಳು, ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜ್ಯಾಮಿತಿಯ ಪ್ರಾಧ್ಯಾಪಕರು. ಮಗನು ಮೂರು ವರ್ಷದ ಶಿಶುವಾಗಿದ್ದಾಗಲೇ ಅವರು ತೀರಿಕೊಂಡರು. ದೊಡ್ಡ ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಪಾಠಪುಸ್ತಕಗಳಿಗಿಂತ ಶಾಲೆಯ ಪಕ್ಕದ ಕಾಡೇ ಬಾಲಕನಿಗೆ ಹೆಚ್ಚು ಕಲಿಸಿತೆನ್ನಬೇಕು. ಉಪಾಧ್ಯಾಯರ ಕಣ್ಣಿಗೆ ಬೀಳದಂತೆ ಅಡಗುವುದು, ಪ್ರಾಣಿಗಳ ಹೆಜ್ಜೆಯನ್ನು ಗುರುತಿಸುವುದು, ಹೊಗೆ ಕಾಣದಂತೆ ಬೆಂಕಿ ಹೊತ್ತಿಸಿ ಬೇಯಿಸಿಕೊಳ್ಳುವುದು, ಇವೇ ಅಲ್ಲಿಯ ಪಾಠಗಳಾಗಿದ್ದುವು. 1876ರಲ್ಲಿ ಸೈನ್ಯಕ್ಕೆ ಸೇರಿ, ಹದಿಮೂರನೆಯ ಹುಸಾರ್ ಎಂಬ ಅಶ್ವದಳದ ಅಧಿಕಾರಿಯಾಗಿ ಭಾರತಕ್ಕೆ ಬಂದರು. ಮುಂದೆ ಬೇಹುಗಾರಿಕೆಯಲ್ಲಿ ಸಿಪಾಯಿಗಳನ್ನು ಪಳಗಿಸುವುದೇ ಇವರ ವಿಶೇಷ ಕೆಲಸವಾಯಿತು. ಸಣ್ಣ ಗುಂಪುಗಳನ್ನು ಮಾಡಿ, ಒಬ್ಬೊಬ್ಬನಿಗೂ ಸ್ವತಂತ್ರವಾದ ಕಾರ್ಯವನ್ನು ಒಪ್ಪಿಸಿದರೆ ಮಂದಬುದ್ಧಿಯವನೆನಿಸಿದ ಸಿಪಾಯಿಯೂ ಚುರುಕಾಗುವನೆಂಬುದು ಇವರ ಅನುಭವ.

ಇವರ ಹೆಸರು ಲೋಕಕ್ಕೆ ತಿಳಿದದ್ದು ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ. 1899ರ ಅಕ್ಟೋಬರಿನಿಂದ 1900ರ ಮೇ ತಿಂಗಳವರೆಗೆ, 217 ದಿನಗಳ ಕಾಲ, ಮೆಫೆಕಿಂಗ್ ಎಂಬ ಸಣ್ಣ ಪಟ್ಟಣವು ಶತ್ರುಗಳ ಮುತ್ತಿಗೆಗೆ ಒಳಗಾಗಿತ್ತು. ಅದನ್ನು ರಕ್ಷಿಸಿದ ಸೇನಾನಿ ಇವರೇ. ಆಳುಗಳು ಸಾಲದಿರಲಾಗಿ ಅಲ್ಲಿಯ ಬಿಳಿಯ ಬಾಲಕರನ್ನು ಒಂದು ದಳವಾಗಿ ಕೂಡಿಸಿ, ಖಾಕಿಯ ಉಡುಪನ್ನು ಕೊಟ್ಟು, ಪತ್ರಗಳನ್ನೂ ಸಂದೇಶಗಳನ್ನೂ ಒಯ್ಯುವುದಕ್ಕೆ ನೇಮಿಸಿದ್ದರು. ಗುಂಡುಗಳು ಬೀಳುತ್ತಿದ್ದರೂ ಈ ಹುಡುಗರು ಒಪ್ಪಿಸಿದ ಕೆಲಸವನ್ನು ಬಿಡಲಿಲ್ಲ. ನಂಬಿ ಹೊಣೆ ಕೊಟ್ಟರೆ ಬಾಲಕನು ದೊಡ್ಡವನಂತೆ ನಡೆದುಕೊಳ್ಳುವನೆಂಬುದನ್ನು ಬೇಡನ್ ಪೊವೆಲ್ಲರು ಅಲ್ಲಿ ಕಣ್ಣಾರೆ ಕಂಡರು. ಇದೇ ಮುತ್ತಿಗೆಯಲ್ಲಿ ಆಹಾರವನ್ನು ಹಂಚುವಾಗ ಕಪ್ಪು ಜನರಿಗೆ ಅನ್ಯಾಯವಾಯಿತೆಂದು ಚರಿತ್ರಕಾರರು ಆಕ್ಷೇಪಿಸಿರುವುದನ್ನೂ ಹೇಳದೆ ಬಿಡಲಾಗದು. ಸಾಮ್ರಾಜ್ಯದ ಸೇನಾನಿಯ ದೃಷ್ಟಿಗೆ ಒಂದು ಮೇರೆಯಿದ್ದಿತು. ಅದು ಮುಂದೆ ನಮಗೂ ತಗುಲಿತು.

ಸ್ವದೇಶಕ್ಕೆ ಹಿಂದಿರುಗಿದಾಗ, ಸಿಪಾಯಿಗಳಿಗೆಂದು ತಾವು ಬರೆದ ಬೇಹುಗಾರಿಕೆಯ ಪುಸ್ತಕವನ್ನು ಹುಡುಗರೂ ಉಪಾಧ್ಯಾಯರೂ ಓದುತ್ತಿರುವುದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. 1904ರಲ್ಲಿ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಸ್ಮಿತ್ತರ ಬಾಯ್ಸ್ ಬ್ರಿಗೇಡಿನ ಸಾವಿರಾರು ಬಾಲಕರ ಕವಾಯತನ್ನು ನೋಡಿದರು. ಹುಡುಗರ ಉತ್ಸಾಹವನ್ನು ಮೆಚ್ಚಿಕೊಂಡರಾದರೂ, ಅಪ್ಪಣೆಗೆ ಕೈಕಾಲಾಡಿಸುವುದರಿಂದ ಬುದ್ಧಿ ಬೆಳೆಯಲಾರದೆಂದು ಅವರಿಗೆ ತೋರಿತು. 1907ರ ಆಗಸ್ಟ್ ತಿಂಗಳಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತು ಮಂದಿ ಹುಡುಗರ ಶಿಬಿರವನ್ನು ನಡೆಯಿಸಿ ತಮ್ಮ ಮಾರ್ಗವನ್ನು ಪರೀಕ್ಷಿಸಿದರು. ಸಿರಿವಂತರ ದೊಡ್ಡ ಶಾಲೆಗಳ ಮಕ್ಕಳನ್ನೂ ಕೂಲಿಕಾರರ ಮಕ್ಕಳನ್ನೂ ಬೆರಸಿ, ತೋಳ, ಗೂಳಿ ಮೊದಲಾದ ಹೆಸರಿನ ನಾಲ್ಕು ತುಕಡಿಗಳನ್ನಾಗಿ ಮಾಡಿ, ಒಂದೊಂದಕ್ಕೂ ಬಾಲಕನೊಬ್ಬನನ್ನೇ ನಾಯಕನನ್ನಾಗಿ ನಿಲ್ಲಿಸಿದರು. ಒಂದೇ ಗುಡಾರ, ಒಂದೇ ಒಲೆ, ಒಂದೇ ಬಗೆಯ ಕೆಲಸ. ಮರುವರ್ಷ ಸ್ಕೌಟಿಂಗ್ ಫಾರ್ ಬಾಯ್ಸ್ ಎಂಬ ಗ್ರಂಥವು ಆರು ಸಂಚಿಕೆಗಳಾಗಿ ಹೊರಬಂದಿತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸಿನಲ್ಲಿ ಸುಮಾರು 11,000 ಮಂದಿ ಬಾಲಚರರು ನೆರೆದರು. ಕರೆಯದೆಯೇ ಬಂದ ಬಾಲಿಕೆಯರೂ ಅವರ ನಡುವೆ ಇದ್ದರು. ಅವರಿಗಾಗಿ 1910ರಲ್ಲಿ ಗೈಡುಗಳ ಸಂಘವು ಹುಟ್ಟಿತು. ಅದೇ ವರ್ಷ ಬೇಡನ್ ಪೊವೆಲ್ಲರು ಸೈನ್ಯದಿಂದ ನಿವೃತ್ತರಾಗಿ ಶೇಷಾಯುಷ್ಯವನ್ನೆಲ್ಲ ಈ ಕಾರ್ಯಕ್ಕೆ ಮೀಸಲಿಟ್ಟರು.

ಇನ್ನು ಭಾರತದ ಮಾತು. 1909ರಲ್ಲಿಯೇ ನಮ್ಮ ಬೆಂಗಳೂರಿನಲ್ಲಿ ಸ್ಕೌಟು ದಳವು ಏರ್ಪಟ್ಟಿತು. ಆದರೆ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ. ಈ ನೆಲದ ಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಬ್ರೌನ್‌ಸೀ ದ್ವೀಪದಲ್ಲಿ ಸಿರಿವಂತನ ಮಗನನ್ನೂ ಕೂಲಿಯವನ ಮಗನನ್ನೂ ಒಂದೇ ಗುಡಾರದಲ್ಲಿ ಮಲಗಿಸಿದ ತತ್ತ್ವವು ಸಮುದ್ರವನ್ನು ದಾಟಿ ಬರುವಾಗ ಎಲ್ಲಿ ಮುಳುಗಿತೋ ತಿಳಿಯದು. ನಮ್ಮವರು ಬಾಗಿಲಲ್ಲಿ ಕಾದು ನಿಲ್ಲಲಿಲ್ಲ. ಮದರಾಸಿನಲ್ಲಿ ಅನಿ ಬೆಸೆಂಟ್ ಅಮ್ಮನವರೂ ಜಾರ್ಜ್ ಅರುಂಡೇಲರೂ ಭಾರತೀಯ ಬಾಲಕರಿಗಾಗಿ ಬೇರೆ ಸಂಘವನ್ನು ಸ್ಥಾಪಿಸಿದರು. ಉತ್ತರದಲ್ಲಿ ಪಂಡಿತ ಮದನಮೋಹನ ಮಾಲವೀಯರು, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ, ಈ ಮಹನೀಯರ ಪ್ರಯತ್ನದಿಂದ ಸೇವಾಸಮಿತಿಯ ಬಾಲಚರರು ಸಿದ್ಧರಾದರು. 1921ರಲ್ಲಿ ಬೇಡನ್ ಪೊವೆಲ್ಲರು ಇಲ್ಲಿಗೆ ಬಂದಾಗ ಬೆಸೆಂಟರ ಸಂಘವು ಅವರ ಸಂಘದೊಡನೆ ಸೇರಿತು. ಸೇವಾಸಮಿತಿಯು ಪ್ರತ್ಯೇಕವಾಗಿಯೇ ಉಳಿಯಿತು.

1937ರಲ್ಲಿ ದಿಲ್ಲಿಯಲ್ಲಿ ಅಖಿಲ ಭಾರತ ಜಾಂಬೂರಿ ನಡೆದಾಗ ವೃದ್ಧರಾದ ಬೇಡನ್ ಪೊವೆಲ್ಲರು ಮತ್ತೆ ಬಂದಿದ್ದರು. ಬಂದು ಹೋದ ಮೇಲೆ, ಭಾರತೀಯರಲ್ಲಿ ಶೀಲವು ಸಾಲದೆಂದೂ, ಮಾನವೆಂಬುದಕ್ಕೆ ಅವರ ಭಾಷೆಗಳಲ್ಲಿ ಶಬ್ದವೇ ಇಲ್ಲವೆಂದೂ ಅರ್ಥ ಬರುವ ಮಾತುಗಳು ಅವರ ಹೆಸರಿನಲ್ಲಿ ಪ್ರಕಟವಾದುವು. ಮಾನ, ಮರ್ಯಾದೆ, ಸತ್ಯಸಂಧತೆಗಳು ನಿರಕ್ಷರಿಯಾದ ಮುದುಕಿಯ ಬಾಯಲ್ಲಿಯೂ ದಿನಕ್ಕೆ ಹತ್ತು ಸಲ ಬರುವ ನಾಡಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಅಜ್ಞಾನವಿರಲಾರದು. ದೇಶದಲ್ಲೆಲ್ಲ ಪ್ರತಿಭಟನೆಗಳಾದುವು, ಎಷ್ಟೋ ಮಂದಿ ಅವರ ಸಂಘವನ್ನು ಬಿಟ್ಟು ಹೊರಬಂದರು, 1938ರಲ್ಲಿ ಹಿಂದೂಸ್ಥಾನ ಸ್ಕೌಟು ಸಂಘವು ಏರ್ಪಟ್ಟಿತು. ಆದರೆ ಹೊರಬಂದವರು ಬಾಲಚರ್ಯೆಯನ್ನೇ ಬಿಡಲಿಲ್ಲವೆಂಬುದು ಗಮನಿಸತಕ್ಕ ಮಾತು. ಗುರುವಿನ ದೋಷವನ್ನು ತಳ್ಳಿ ಆತನ ವಿದ್ಯೆಯನ್ನು ಇರಿಸಿಕೊಂಡ ಅವರ ವಿವೇಕವು ಪ್ರಶಂಸನೀಯವಾದುದು. ಮಾನವುಳ್ಳವರು ಕೊಡಬಹುದಾದ ಉತ್ತರವೂ ಅದೇ.

ಬೇಡನ್ ಪೊವೆಲ್ಲರು 1938ರಲ್ಲಿ ಆಫ್ರಿಕದ ಕೆನ್ಯಕ್ಕೆ ತೆರಳಿ, 1941ರ ಜನವರಿ 8ರಂದು ನ್ಯೇರಿ ಎಂಬಲ್ಲಿ ಕಾಲವಾದರು. ಸ್ವತಂತ್ರ ಭಾರತದಲ್ಲಿ, 1950ರ ನವೆಂಬರ್ 7ರಂದು, ಬೇರೆಬೇರೆಯಾಗಿದ್ದ ಸ್ಕೌಟು ಸಂಘಗಳು ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಎಂಬ ಒಂದೇ ಸಂಸ್ಥೆಯಾದುವು. ಮರುವರ್ಷ ಗೈಡುಗಳ ಸಂಘವೂ ಅದರಲ್ಲಿ ಸೇರಿತು.

ಈ ಚರಿತ್ರೆಯಿಂದ ನಮ್ಮ ಶಾಲಾಧಿಕಾರಿಗಳು ಗ್ರಹಿಸಬೇಕಾದುದು ಸ್ಪಷ್ಟವಾಗಿದೆ. ಸಮವಸ್ತ್ರದ ಉದ್ದೇಶವು ಬಡವ ಬಲ್ಲಿದರ ಭೇದವನ್ನು ಮರೆಸುವುದು. ಅದನ್ನು ಕೊಳ್ಳಲಾರದ ಹುಡುಗನನ್ನು ದಳದಿಂದ ಹೊರಗಿಡುವ ಶಾಲೆಯು, 1909ರ ಬೆಂಗಳೂರಿನ ಮುಚ್ಚಿದ ಬಾಗಿಲನ್ನೇ ಮತ್ತೊಮ್ಮೆ ಮುಚ್ಚಿದಂತಾಗುತ್ತದೆ. ಅತಿಥಿಗಳು ಬಂದಾಗ ಮಾತ್ರ ಸಾಲಾಗಿ ನಿಲ್ಲಿಸಿ ವಂದನೆ ಮಾಡಿಸುವುದಕ್ಕೆ ದಳವನ್ನು ಇಟ್ಟುಕೊಂಡರೆ ಅದರಿಂದ ಕೈಗಳು ಪಳಗಬಹುದು, ಮನಸ್ಸು ಪಳಗಲಾರದು. ಆರೆಂಟು ಮಂದಿಯ ತುಕಡಿ, ಹುಡುಗನೇ ನಾಯಕ, ನಿಜವಾದ ಕೆಲಸ, ಅದನ್ನು ಕೆಡಿಸಿದರೆ ಸರಿಪಡಿಸಿಕೊಳ್ಳಲು ಅವಕಾಶ, ಇಷ್ಟಿದ್ದರೆ ಬಾಲಚರ್ಯೆಯು ಜೀವಂತವಾಗಿರುತ್ತದೆ. ಜಾತ್ರೆಯಲ್ಲಿ ದಾರಿ ತಪ್ಪಿದ ಮಗುವನ್ನು ತಾಯಿಗೆ ಒಪ್ಪಿಸುವುದು, ನೆರೆ ಬಂದಾಗ ಮುದುಕರನ್ನು ಕೈಹಿಡಿದು ನಡೆಯಿಸುವುದು, ಊರ ಬಾವಿಯನ್ನು ಚೊಕ್ಕಟಗೊಳಿಸುವುದು, ಇಂತಹ ಕೆಲಸಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಉಪಾಧ್ಯಾಯರು ಅದನ್ನು ಮಕ್ಕಳಿಗೆ ಒಪ್ಪಿಸಿ, ಸ್ವಲ್ಪ ಹಿಂದೆ ಸರಿದು ನಿಲ್ಲಲಿ. ತಂದೆತಾಯಿಗಳೂ ಪರೀಕ್ಷೆಯ ನೆಪದಿಂದ ಅವರನ್ನು ತಡೆಯದಿರಲಿ.