ರೈಸ್ ಮನೆತನದ ಕನ್ನಡ ಸೇವೆ

ಹಳೆಯ ಪುಸ್ತಕಗಳಿಗಾಗಿ ಚಾಮರಾಜಪೇಟೆಯಿಂದ ಅವೆನ್ಯೂ ರಸ್ತೆಗೆ ಹೋದಾಗಲೆಲ್ಲ ರೈಸ್ ಸ್ಮಾರಕ ಚರ್ಚನ್ನು ಕಾಣುತ್ತೇನೆ. ಆ ಹೆಸರು ಶಾಸನಗಳ ರೈಸರದೆಂದೇ ತಿಳಿದಿದ್ದೆ. ಅವರ ತಂದೆಯವರದೆಂದು ಈಚೆಗೆ ಅರಿತೆ.

ತಂದೆ ಬೆಂಜಮಿನ್ ರೈಸರು 1837ರಲ್ಲಿ ಲಂಡನ್ ಮಿಷನ್ನಿನಿಂದ ಬೆಂಗಳೂರಿಗೆ ಬಂದರು. ಪೇಟೆಯಲ್ಲಿ ಕನ್ನಡದಲ್ಲಿ ಬೋಧನೆ, ಶಾಲೆಗಳ ಮೇಲ್ವಿಚಾರಣೆ, ಕನ್ನಡ ಬೈಬಲ್ಲಿನ ಪರಿಷ್ಕರಣೆ, ಇವುಗಳಲ್ಲಿಯೇ ಐವತ್ತು ವರ್ಷ ಕಳೆದು 1887ರಲ್ಲಿ ಇಲ್ಲಿಯೇ ತೀರಿಕೊಂಡರು. ತಾಯಿ ಜೇನ್ ಅವರು, ಹೆಣ್ಣುಮಕ್ಕಳಿಗೆ ಓದೇಕೆಂದು ಊರೇ ಕೇಳುತ್ತಿದ್ದ 1840ರ ದಶಕದಲ್ಲಿ, ಮತ್ತೊಬ್ಬ ಮಿಷನರಿಯ ಪತ್ನಿಯೊಡನೆ ಕನ್ನಡ ಬಾಲಿಕೆಯರಿಗಾಗಿ ಶಾಲೆ ತೆರೆದರು.

ಆ ಮನೆಯಲ್ಲಿ 1837ರ ಜುಲೈ 17ರಂದು ಬಿ. ಎಲ್. ರೈಸರು ಜನಿಸಿದರು. ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಹಿಂದಿರುಗಿ, ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ತಂದೆಯ ವೃತ್ತಿಯನ್ನು ಹಿಡಿಯಲಿಲ್ಲ. ತಂದೆ ಕಲಿತ ಭಾಷೆಯನ್ನು ಬಿಡಲಿಲ್ಲ. ಶಾಲೆಗಳ ತನಿಖೆಗೆಂದು ಊರೂರು ಸುತ್ತುವಾಗ ಕಂಡ ಕಲ್ಬರಹಗಳು ಅವರ ಮನಸ್ಸನ್ನು ಸೆರೆಹಿಡಿದವು. ಸುಮಾರು 9,000 ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಬೆಳಕು ಕಂಡವು. 1906ರಲ್ಲಿ ನಿವೃತ್ತರಾದ ಅವರು 1927ರಲ್ಲಿ ಇಂಗ್ಲೆಂಡಿನ ಹ್ಯಾರೋದಲ್ಲಿ ನಿಧನರಾದರು.

ಆ ದಂಪತಿಗಳು ಬಂದದ್ದು ಮತಪ್ರಚಾರಕ್ಕಾಗಿ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹೆಬ್ಬೆಟ್ಟು ಒತ್ತುವ ತಾಯಿಯ ಮಗನಾದ ನಾನು, ಆ ತಾಯಿ ತೆರೆದ ಶಾಲೆಯನ್ನೂ, ಆ ಮಗ ಓದಿಸಿದ ಕಲ್ಲುಗಳನ್ನೂ ನೆನೆದು ಕೈಮುಗಿಯುತ್ತೇನೆ.